ಎರಡು ವಿತ್, ಒಂದು ವಿತೌಟ್

(ಹಾಸನದಲ್ಲಿ ಇಂಗ್ಲಿಷ್ ಮೇಷ್ಟ್ರುಗಳೂ ಭಾಷೆಯ ಹುಚ್ಚಿರುವ ಇನ್ನೂ ಕೆಲವರೂ ಸೇರಿದ್ದ ಒಂದು ಭಾನುವಾರ ಆಡಿದ ಮಾತು. ಕೈಯಲ್ಲಿದ್ದ ಚೀಟಿಗಳನ್ನೂ ನೆನಪನ್ನೂ ಇಟ್ಟುಕೊಂಡು ಬರೆದಿದ್ದೇನೆ. ಹೊತ್ತಾಯಿತೆಂದು ಅಲ್ಲಿ ನುಂಗಿಕೊಂಡ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮುಂಚೆ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಪಕ್ಕದ ಟೇಬಲ್ಲಿಗೆ ಮೂವರು ಬಂದರು. ಅವರಲ್ಲಿ ಹಿರಿಯರು, "ಮೂರು ಕಾಫಿ ಕಣಪ್ಪಾ, ಒಂದು ವಿತೌಟ್" ಅಂದರು. ಮಾಣಿ ನಿಂತಲ್ಲಿಂದಲೇ ಒಳಕ್ಕೆ ಕೂಗಿದ: "ಎರಡು ವಿತ್, ಒಂದು ವಿತೌಟ್!"

ಸಕ್ಕರೆ ಅನ್ನುವ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಆದರೂ ಒಳಗಿದ್ದವನಿಗೆ ಗೊತ್ತಾಯಿತು, ಕಾಫಿ ಸರಿಯಾಗಿಯೇ ಬಂತು. ಇಂಗ್ಲಿಷಿನವನ ಕಿವಿಗೆ ಇದು ಅರ್ಧಕ್ಕೆ ಬಿಟ್ಟ ಮಾತು. ‘ವಿತ್’ ಅಂದಮೇಲೆ ಯಾವುದರ ಜೊತೆ ಅಂತ ಹೇಳಲೇಬೇಕು, ಮುಂದೊಂದು ನಾಮಪದ ಬೇಕೇ ಬೇಕು. ಪ್ರಿಪೊಸಿಷನ್ ಅಂದರೇನೇ ಮುಂದೆ ಕೂರುವಂಥದ್ದು. ನಾವು ಅದನ್ನು ಎತ್ತಿಕೊಂಡು ಬಂದು, ಕತ್ತು ಹಿಡಿದು ನಾಮಪದವನ್ನೇ ಮಾಡಿಬಿಟ್ಟೆವು. ಹೋಟೆಲಿನಲ್ಲಿ ‘ವಿತೌಟ್’ ಅಂದರೆ ಸಕ್ಕರೆ ಇಲ್ಲದ ಕಾಫಿ. ರೈಲಿನಲ್ಲಿ ‘ವಿತೌಟ್’ ಅಂದರೆ ಟಿಕೆಟ್ ತೆಗೆಸದವನು. ಮದುವೆ ಕರೆಯೋಕೆ ಬಂದವರು "ವಿತ್ ಫ್ಯಾಮಿಲಿ ಬರಬೇಕು" ಅನ್ನುತ್ತಾರೆ. ಜಗಳಕ್ಕೆ ನಿಂತವನು "ವಿತ್ ಪ್ರೂಫ್ ತೋರಿಸ್ತೀನಿ" ಅನ್ನುತ್ತಾನೆ. ಇಂಗ್ಲಿಷ್ ಬರಲಿ ಬಿಡಲಿ, ಈ ಪದ ಬರದವರು ನಮ್ಮಲ್ಲಿಲ್ಲ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಮೊದಲ 20 ಪದಗಳಲ್ಲಿ ‘ವಿತ್’ ಇದೆ. ಇಷ್ಟು ಸವೆದ ಪದದ ಬಗ್ಗೆ ಮುಕ್ಕಾಲು ಗಂಟೆ ಏನು ಮಾತಾಡುತ್ತಾನೆ ಇವನು ಅಂತ ನಿಮಗೆ ಅನ್ನಿಸಿರಬಹುದು. ಇದಕ್ಕೆ ಕಾರಣ ಒಬ್ಬ ಹುಡುಗ.

ನಾನು ಪಿಯುಸಿಗೆ ಪಾಠ ಮಾಡುತ್ತಿದ್ದ ಮೊದಲ ವರ್ಷಗಳ ಮಾತು. ಪ್ರಿಪೊಸಿಷನ್ ಪಾಠ. ಬೋರ್ಡಿನ ಮೇಲೆ ಸಾಲಾಗಿ ಬರೆದೆ: ಇನ್ ಅಂದರೆ ಒಳಗೆ, ಆನ್ ಅಂದರೆ ಮೇಲೆ, ವಿತ್ ಅಂದರೆ ಜೊತೆ. ಕಿಟಕಿ ಪಕ್ಕ ಕೂತಿದ್ದ ಹುಡುಗ ಎದ್ದು ನಿಂತ. ಹಿಂದಿನ ದಿನ ಅವನ ಅಪ್ಪನಿಗೆ ಬ್ಯಾಂಕಿನಲ್ಲಿ ಚೀಟಿ ತುಂಬಿಕೊಟ್ಟು ಬಂದಿದ್ದನಂತೆ. "ಸಾರ್, ವಿತ್ ಅಂದ್ರೆ ಜೊತೆ. ಡ್ರಾ ಅಂದ್ರೆ ಎಳಿ. ಹಾಗಾದ್ರೆ ವಿತ್‌ಡ್ರಾ ಅಂದ್ರೆ ಜೊತೆಗೆ ಎಳ್ಕೊಳ್ಳೋದು ಆಗ್ಬೇಕಲ್ವಾ? ದುಡ್ಡು ಬ್ಯಾಂಕಿಂದ ಬಿಟ್ಟು ಬರುತ್ತಲ್ಲ ಸಾರ್?"

ಕ್ಲಾಸು ನಕ್ಕಿತು. ನಾನೂ ನಕ್ಕೆ. "ಅದು ಬೇರೆ ಪದ, ಹಾಗೇ ಬಾಯಿಪಾಠ ಮಾಡ್ಕೋ" ಅಂದು ಮುಂದಕ್ಕೆ ಹೋದೆ. ಉತ್ತರ ತಪ್ಪು. ಅದು ಬೇರೆ ಪದವಲ್ಲ, ಅದೇ ಪದ. ಆ ಹುಡುಗ ಪದದ ಹೊಟ್ಟೆಗೇ ಕೈ ಹಾಕಿದ್ದ, ನಾನು ಕೈಗೆ ಹೊಡೆದು ಕೂರಿಸಿದೆ. ಎಷ್ಟೋ ವರ್ಷ ಆದಮೇಲೆ ಪದಗಳ ಹುಟ್ಟು ಹೇಳುವ ಒಂದು ನಿಘಂಟು ಕೈಗೆ ಸಿಕ್ಕಿದಾಗ ಮೊದಲು ತೆಗೆದು ನೋಡಿದ್ದು ಇದನ್ನೇ.

ಅಲ್ಲಿದ್ದದ್ದು ಇಷ್ಟು: ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ವಿತ್’ ಅಂದರೆ ಜೊತೆ ಅಲ್ಲ. ವಿರುದ್ಧ.

ಆಗ ಅದರ ಉಚ್ಚಾರಣೆ ಹೆಚ್ಚುಕಡಿಮೆ ‘ವಿಥ್’. ಹಳೆಯದನ್ನು ವಿಥ್ ಅಂತಲೂ ಈಗಿನದನ್ನು ವಿತ್ ಅಂತಲೂ ಹೇಳುತ್ತಾ ಹೋಗುತ್ತೇನೆ, ಗೊಂದಲ ಇರುವುದಿಲ್ಲ. ವಿಥ್ ಅಂದರೆ ಎದುರಿಗೆ, ವಿರುದ್ಧವಾಗಿ, ಕಡೆಗೆ, ಪಕ್ಕಕ್ಕೆ ತಾಗಿ. ಜೊತೆ ಅನ್ನುವುದಕ್ಕೆ ಅವರ ಬಳಿ ಬೇರೆಯೇ ಪದವಿತ್ತು: ಮಿಡ್. ಜರ್ಮನಿನ ‘ಮಿಟ್’, ಡಚ್ಚಿನ ‘ಮೆಟ್’, ಸ್ವೀಡನ್ನಿನವರ ‘ಮೆಡ್’ ಎಲ್ಲ ಇದರ ಅಣ್ಣತಮ್ಮಂದಿರು. ಅವರ ಮನೆಗಳಲ್ಲಿ ಆ ಪದ ಇನ್ನೂ ಗಟ್ಟಿಯಾಗಿ ಬದುಕಿದೆ. ಇಂಗ್ಲಿಷಿನಲ್ಲಿ ಮಾತ್ರ ಎದುರು ನಿಂತಿದ್ದ ಪದ ಬಂದು ಜೊತೆಗಿದ್ದ ಪದವನ್ನು ಮನೆಯಿಂದ ಹೊರಗೆ ಹಾಕಿತು.

ಹಳೆಯ ಅರ್ಥ ಸಮಾಸಗಳೊಳಗೆ ಸೇರಿಕೊಂಡು ಉಳಿಯಿತು. ವಿತ್‌ಸ್ಟ್ಯಾಂಡ್ ಅಂದರೆ ಎದುರು ನಿಲ್ಲು, ತಡೆದುಕೋ. ವಿತ್‌ಹೋಲ್ಡ್ ಅಂದರೆ ಕೊಡದೆ ಹಿಡಿದಿಟ್ಟುಕೋ. ಯೂನಿವರ್ಸಿಟಿ ರಿಸಲ್ಟ್ ಹಾಳೆಯಲ್ಲಿ ನಂಬರಿನ ಮುಂದೆ ‘ವಿತ್‌ಹೆಲ್ಡ್’ ಅಂತ ಕಂಡು ಬೆವತವರು ಈ ಸಭೆಯಲ್ಲೂ ಇರಬಹುದು. ವಿತ್‌ಡ್ರಾ ಅಂದರೆ ಅತ್ತಕಡೆಯಿಂದ ಹಿಂದಕ್ಕೆ ಎಳೆ. ನನ್ನ ಹುಡುಗನ ಅನುಮಾನ ನ್ಯಾಯವಾದದ್ದು. ದುಡ್ಡು ಬ್ಯಾಂಕಿಂದ ಬಿಟ್ಟೇ ಬರುತ್ತದೆ, ಪದವೂ ಅದನ್ನೇ ಹೇಳುತ್ತದೆ. ತಪ್ಪಿದ್ದದ್ದು ಬೋರ್ಡಿನ ಮೇಲೆ ನಾನು ಬರೆದ ಅರ್ಥದಲ್ಲಿ.

ಇದನ್ನು ಕಣ್ಣಾರೆ ನೋಡಬೇಕಾದರೆ ಒಂದು ಮದ್ದಿನ ಪುಸ್ತಕಕ್ಕೆ ಹೋಗಬೇಕು. ಬಾಲ್ಡನ ವೈದ್ಯಪುಸ್ತಕ ಅಂತ ಅದನ್ನು ಕರೆಯುತ್ತಾರೆ. 10ನೇ ಶತಮಾನದ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಈ ಪುಸ್ತಕ ಬಾಲ್ಡನದು, ಚಿಲ್ಡ್ ಎಂಬುವನಿಂದ ಬರೆಸಿದ್ದು ಅಂತ ಅದರಲ್ಲೇ ಲ್ಯಾಟಿನ್ನಿನಲ್ಲಿ ನಮೂದಿಸಿದ್ದಾರೆ. ನಾವು ಪುಸ್ತಕದ ಮೊದಲ ಪುಟದಲ್ಲಿ ಹೆಸರು ಬರೆದು ‘ಕದ್ದವರಿಗೆ’ ಅಂತ ಶಾಪ ಹಾಕುತ್ತಿದ್ದೆವಲ್ಲ, ಶಾಪ ಒಂದು ಇಲ್ಲ ಅಷ್ಟೇ.

ಆ ಪುಸ್ತಕದಲ್ಲಿ ಮದ್ದುಗಳಿಗೆ ತಲೆಬರಹ ಹೇಗಿರುತ್ತದೆ ಅಂದರೆ, ‘ವಿಥ್’ ಅಂತ ಶುರುಮಾಡಿ ಮುಂದೆ ಕಾಯಿಲೆಯ ಹೆಸರು. ವಿಥ್ ತಲೆನೋವು. ತಲೆನೋವಿನ ಎದುರು ಕೊಡುವ ಮದ್ದು ಅಂತ ಅರ್ಥ. ನಾವು ತಲೆನೋವಿಗೆ ಮದ್ದು ಅನ್ನುವ ಕಡೆ ಅವರು ತಲೆನೋವಿನ ವಿರುದ್ಧ ಮದ್ದು ಅಂದರು. ಈಗ ‘ಎ ಮ್ಯಾನ್ ವಿತ್ ಎ ಹೆಡೇಕ್’ ಅಂದರೆ ತಲೆನೋವು ಇರುವವನು. ಅಂದು ತಲೆನೋವನ್ನು ಓಡಿಸುತ್ತಿದ್ದ ಪದ ಇಂದು ತಲೆನೋವನ್ನು ಹೊತ್ತುಕೊಂಡು ನಿಂತಿದೆ.

ಅದರಲ್ಲಿ ಕಣ್ಣಿನ ಮದ್ದು ಒಂದಿದೆ. ರೆಪ್ಪೆಯ ಮೇಲೇಳುವ ಕುರುವಿಗೆ ಹಚ್ಚುವುದು. ಈರುಳ್ಳಿ ಜಾತಿಯ ಒಂದು ಗೆಡ್ಡೆ ಮತ್ತು ಬೆಳ್ಳುಳ್ಳಿ, ಎರಡೂ ಸಮಸಮ, ಚೆನ್ನಾಗಿ ಜಜ್ಜಬೇಕು. ದ್ರಾಕ್ಷಿ ಮದ್ಯ ಮತ್ತು ಹೋರಿಯ ಪಿತ್ತರಸ, ಇವೂ ಸಮಸಮ, ಜಜ್ಜಿದ್ದಕ್ಕೆ ಬೆರೆಸಬೇಕು. ಹಿತ್ತಾಳೆಯಂಥ ಲೋಹದ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಡಬೇಕು. ಬಟ್ಟೆಯಲ್ಲಿ ಹಿಂಡಿ ತಿಳಿ ತೆಗೆದು ಕೊಂಬಿನೊಳಗೆ ತುಂಬಿಟ್ಟುಕೊಂಡು, ರಾತ್ರಿ ಹೊತ್ತು ಹಕ್ಕಿಗರಿಯಲ್ಲಿ ಕಣ್ಣಿಗೆ ಹಚ್ಚಬೇಕು. ಕೊನೆಗೆ ‘ಇದೇ ಅತ್ಯುತ್ತಮ ಮದ್ದು’ ಅಂತ ಷರಾ. ನಮ್ಮ ಅಜ್ಜಿಯಂದಿರ ಧಾಟಿಯೇ.

2015ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಹಳೆಯ ಇಂಗ್ಲಿಷ್ ಬಲ್ಲವರೂ ಸೂಕ್ಷ್ಮಾಣುಜೀವಿಗಳನ್ನು ಅಭ್ಯಾಸ ಮಾಡುವವರೂ ಕೂತು ಇದನ್ನು ಅಕ್ಷರಶಃ ಪಾಲಿಸಿ ತಯಾರು ಮಾಡಿದರು. ಹಲವು ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾವನ್ನು ಆ ಕಷಾಯ ಪ್ರಯೋಗಾಲಯದಲ್ಲಿ ಭಾರಿ ಪ್ರಮಾಣದಲ್ಲಿ ಕೊಂದಿತು. ದಯವಿಟ್ಟು ಮನೆಯಲ್ಲಿ ಮಾಡಿ ಕಣ್ಣಿಗೆ ಹಚ್ಚಿಕೊಳ್ಳಬೇಡಿ.

ನನಗೆ ಬೇಕಾದದ್ದು ಅದರ ವ್ಯಾಕರಣ. ಈ ಐದಾರು ಸಾಲಿನೊಳಗೆ ನಮ್ಮ ಪದದ ಇಡೀ ಕಥೆ ಇದೆ. ಶುರುವಿನಲ್ಲಿ, ಕುರುವಿನ ವಿರುದ್ಧ ಅನ್ನುವಲ್ಲಿ, ವಿಥ್. ನಡುವೆ, ಮದ್ಯವನ್ನು ಜಜ್ಜಿದ್ದರ ಜೊತೆ ಬೆರೆಸು ಅನ್ನುವಲ್ಲಿ ಕೂಡ ವಿಥ್! ಕೊನೆಯಲ್ಲಿ, ಗರಿಯಲ್ಲಿ ಹಚ್ಚು ಅನ್ನುವಲ್ಲಿ ಮಿಡ್: ‘ಮಿಡ್ ಫೆಥ್ರೆ’. ಈಗಿನ ಇಂಗ್ಲಿಷಿನಲ್ಲಾದರೆ ‘ವಿತ್ ಎ ಫೆದರ್’. ಅಂದರೆ ವಿಥ್ ಒಂದು ಕಾಲು ವಿರೋಧದಲ್ಲಿ ಇಟ್ಟು ಇನ್ನೊಂದು ಕಾಲನ್ನು ಆಗಲೇ ಬೆರಕೆಯಲ್ಲಿ ಇಟ್ಟಿತ್ತು. ಪಾಪ, ಮಿಡ್ ಗರಿ ಹಿಡಿದುಕೊಂಡು ತನ್ನ ಪಾಡಿಗೆ ತಾನಿತ್ತು. 14ನೇ ಶತಮಾನ ಮುಗಿಯುವ ಹೊತ್ತಿಗೆ ಆ ಗರಿಯನ್ನೂ ವಿಥ್ ಕಿತ್ತುಕೊಂಡಿತು.

ಎದುರಿದ್ದದ್ದು ಜೊತೆಯಾದದ್ದು ಹೇಗೆ?

ಇದಕ್ಕೆ ಯುದ್ಧಭೂಮಿಗೆ ಹೋಗೋಣ. ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಅಂತ ಅವರದೊಂದು ವರ್ಷವಾರು ದಾಖಲೆ ಇದೆ. 871ರಲ್ಲಿ ಆ್ಯಶ್‌ಡೌನ್ ಎಂಬಲ್ಲಿ ದೊರೆ ಎಥೆಲ್ರೆಡ್ ಮತ್ತು ಅವನ ತಮ್ಮ ಆಲ್ಫ್ರೆಡ್, ಡೆನ್ಮಾರ್ಕಿನ ಕಡೆಯಿಂದ ದಂಡೆತ್ತಿ ಬಂದಿದ್ದ ಡೇನರ ದಂಡಿನ ಮೇಲೆ ಬಿದ್ದರು. 878ರಲ್ಲಿ ಎಡಿಂಗ್‌ಟನ್ನಿನಲ್ಲಿ ಆಲ್ಫ್ರೆಡ್ ಇಡೀ ದಂಡನ್ನೇ ಸೋಲಿಸಿದ. ಎರಡೂ ಕಡೆ ದಾಖಲೆಯ ಮಾತು ಒಂದೇ: ಇಡೀ ದಂಡಿನ ‘ವಿಥ್’ ಹೋರಾಡಿದರು. ಎದುರು ಹೋರಾಡಿದರು ಅಂತ.

ಈಗ ಇದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ಡೇನರೊಂದಿಗೆ ಹೋರಾಡಿದರು. ಡೇನರ ಜೊತೆ ಕಾದಾಡಿದರು. ನಮಗೇನೂ ವಿಚಿತ್ರ ಅನ್ನಿಸಲಿಲ್ಲ, ಅಲ್ಲವೇ? ‘ನಿನ್ನೆ ಅತ್ತೆ ಜೊತೆ ಜಗಳ ಆಯ್ತು’ ಅಂದರೆ, ಅತ್ತೆಯೂ ತಾನೂ ಒಂದು ಪಕ್ಷ ಕಟ್ಟಿಕೊಂಡು ಇನ್ಯಾರ ಮೇಲೋ ಹೋದರು ಅಂತ ಯಾರೂ ತಿಳಿಯುವುದಿಲ್ಲ. ಜಗಳ ಒಬ್ಬರಿಂದ ಆಗುವ ಕೆಲಸವಲ್ಲ, ಒಂದೇ ಕೈಲಿ ಚಪ್ಪಾಳೆ ಆಗೋಲ್ಲ. ಎದುರಾಳಿ ಇದ್ದರೇ ಜಗಳ, ಹಾಗಾಗಿ ಎದುರಾಳಿಯೂ ಒಂದು ಲೆಕ್ಕದಲ್ಲಿ ಪಾಲುದಾರ. ಜಗಳ, ವ್ಯಾಪಾರ, ಚೌಕಾಸಿ, ಮಾತುಕತೆ ಎಲ್ಲದರಲ್ಲೂ ಇಬ್ಬರು ಎದುರುಬದುರು ಇರಲೇಬೇಕು. ಪದ ಜಾರಿದ್ದು ಇಂಥ ಜಾಗಗಳಲ್ಲೇ. ಎದುರು ನಿಂತು ಮಾತಾಡಿದ ಎಂಬುದು ಜೊತೆ ಮಾತಾಡಿದ ಅಂತ ಕೇಳಿಸಲು ಹೆಚ್ಚು ಹೊತ್ತು ಬೇಕಿಲ್ಲ.

ಈ ಜಾರುವಿಕೆಯ ತಮಾಷೆ ನಮ್ಮ ಚರಿತ್ರೆಯಲ್ಲೇ ಇದೆ. 1799ರ ಶ್ರೀರಂಗಪಟ್ಟಣದ ಯುದ್ಧ ತೆಗೆದುಕೊಳ್ಳಿ. ‘ಟಿಪ್ಪು ಫಾಟ್ ವಿತ್ ದ ಬ್ರಿಟಿಷ್.’ ನಿಜ. ‘ದ ನಿಜಾಮ್ ಫಾಟ್ ವಿತ್ ದ ಬ್ರಿಟಿಷ್.’ ಇದೂ ನಿಜ. ಒಬ್ಬ ಅವರ ಎದುರು, ಇನ್ನೊಬ್ಬನ ಪಡೆ ಅವರ ಪಕ್ಕದಲ್ಲಿ. ವಾಕ್ಯ ಮಾತ್ರ ತದ್ರೂಪು. ಇಂಗ್ಲಿಷಿನ ಸಾವಿರ ವರ್ಷ ಆ ಒಂದು ಪದದೊಳಗೆ ಪರಸ್ಪರ ಗುರಾಯಿಸುತ್ತಾ ಕೂತಿದೆ. ಕನ್ನಡದಲ್ಲೂ ‘ಬ್ರಿಟಿಷರೊಂದಿಗೆ ಹೋರಾಡಿದ’ ಅಂದರೆ ಇದೇ ಪಾಡು. ಪ್ರಶ್ನೆಪತ್ರಿಕೆ ತೆಗೆಯುವವರು ದಯವಿಟ್ಟು ‘ವಿರುದ್ಧ’ ಅಂತಲೇ ಬರೆಯಿರಿ.

ಇನ್ನೊಂದು ಕಾರಣವನ್ನೂ ವಿದ್ವಾಂಸರು ಕೊಡುತ್ತಾರೆ. ಡೇನರು ಬರೀ ಕಾದಾಡಿ ಹೋಗಲಿಲ್ಲ, ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆ ನಿಂತರು, ಹೆಣ್ಣು ತಂದರು, ಹೊಲ ಮಾಡಿದರು. ಅವರ ನಾರ್ಸ್ ಭಾಷೆಯಲ್ಲೂ ಇದೇ ಪದದ ಸೋದರನಿದ್ದ, ಅವನಿಗೆ ‘ಬಳಿ, ಸಂಗಡ’ ಎಂಬ ಅರ್ಥವೂ ಇತ್ತು. ಎಗ್, ಸ್ಕೈ, ವಿಂಡೋ, ಹಸ್ಬೆಂಡ್, ಕೊನೆಗೆ ದೇ, ದೆಮ್ ಎಂಬ ಸರ್ವನಾಮಗಳನ್ನೂ ಇಂಗ್ಲಿಷಿಗೆ ಕೊಟ್ಟವರು ಅವರು. ವಿಥ್ ಮೆತ್ತಗಾಗಲು ಅವರ ನಾಲಿಗೆಯೂ ಒಂದು ಕಾರಣವಿರಬಹುದು. ಲ್ಯಾಟಿನ್ನಿನ ‘ಕುಮ್’ ಎಂಬ ಪದ ಜೊತೆಗೂ ಜಗಳಕ್ಕೂ ಎರಡಕ್ಕೂ ಬರುತ್ತಿತ್ತು, ಅದನ್ನು ನೋಡಿ ಓದುಬಲ್ಲವರು ಕಲಿತಿರಬಹುದು ಎಂಬ ವಾದವೂ ಇದೆ. ನನ್ನ ಮನಸ್ಸು ಡೇನರ ಕಡೆಗೇ ವಾಲುತ್ತದೆ. ಯಾರ ‘ವಿಥ್’ ಕತ್ತಿ ಹಿಡಿದರೋ ಅವರ ‘ವಿತ್’ ಬಾಳ್ವೆ ಮಾಡಿದರು ಅನ್ನುವುದು ಕೇಳುವುದಕ್ಕೆ ಚೆಂದ. ಚೆಂದವಾಗಿದೆ ಎಂಬುದೊಂದೇ ಪುರಾವೆಯಲ್ಲ, ಅದೂ ಗೊತ್ತು.

ಹಾಗಾದರೆ ವಿಥ್ ಪದವನ್ನು ಕನ್ನಡಕ್ಕೆ ಒಂದೇ ಮಾತಿನಲ್ಲಿ ತರುವುದಾದರೆ? ‘ವಿರುದ್ಧ’ ಸಾಲದು, ಅದು ಬರೀ ಸಿಟ್ಟು. ‘ಜೊತೆ’ ಆಗದು. ನನಗೆ ಹೊಳೆದದ್ದು ‘ಎದುರು’. ಹಳಗನ್ನಡದ ಇದಿರ್. ಎದುರುತ್ತರ ಕೊಡಬೇಡ ಅನ್ನುವಲ್ಲಿ ವಿರೋಧ. ಎದುರುಮನೆ ಅನ್ನುವಲ್ಲಿ ಬರೀ ಜಾಗ. ಆ ಎದುರುಮನೆಯವರೇ ಸಕ್ಕರೆ ಸಾಲ ಕೊಡುವವರು, ನಾವು ಊರಿಗೆ ಹೋದರೆ ಬೀಗದಕೈ ಇಟ್ಟುಕೊಳ್ಳುವವರು. ಕನ್ನಡದ ಎದುರು ಇನ್ನೂ ಜೊತೆ ಆಗಿಲ್ಲ, ಆದರೆ ಬಾಗಿಲಲ್ಲೇ ನಿಂತಿದೆ.

ಇನ್ನೂ ಹಿಂದಕ್ಕೆ ಹೋಗೋಣ, ನಮಗೆ ನಿಜಕ್ಕೂ ಹತ್ತಿರದ ವಿಷಯ ಅಲ್ಲಿದೆ.

ಇಂಗ್ಲಿಷ್ ಮತ್ತು ಸಂಸ್ಕೃತ ಒಂದೇ ದೊಡ್ಡ ಕುಟುಂಬದವು. ಕನ್ನಡ ಆ ಕುಟುಂಬದ್ದಲ್ಲ, ಆದರೆ ಸಂಸ್ಕೃತದಿಂದ ನಾವು ತಂದುಕೊಂಡದ್ದು ಕಡಿಮೆಯೇನಲ್ಲ. ವಿಥ್ ಪದದ ಬೇರು ‘ವಿ’, ಅಂದರೆ ಬೇರೆಯಾಗಿ, ಅಗಲಿ. ಹೌದು, ನಮಗೆಲ್ಲ ಗೊತ್ತಿರುವ ಅದೇ ಉಪಸರ್ಗ. ವಿಯೋಗ, ವಿಭಾಗ, ವಿಚ್ಛೇದನ, ವಿದೇಶ, ಇಲ್ಲೆಲ್ಲ ಬೇರೆ ಮಾಡುತ್ತಾ ಹೋಗುವ ವಿ. ಇದಕ್ಕೆ ಗುರುತರ, ಮಹತ್ತರ ಎಂಬಲ್ಲಿರುವ ‘ತರ’ ಸೇರಿಸಿ. ಇನ್ನೂ ದೂರ, ಇನ್ನೂ ಬೇರೆ ಎಂಬ ಅರ್ಥ ಬರುತ್ತದೆ. ವೇದದ ಸಂಸ್ಕೃತದಲ್ಲಿ ‘ವಿತರಂ’ ಅಂತ ಪದವೇ ಇದೆ, ಇನ್ನೂ ಆಚೆಗೆ ಅಂತ. ಅತ್ತ ಜರ್ಮನ್ ಗುಂಪಿನ ಭಾಷೆಗಳಲ್ಲಿ ಇದೇ ಜೋಡಣೆ ‘ವಿರುದ್ಧ’ ಎಂಬ ಅರ್ಥ ಪಡೆಯಿತು. ಜರ್ಮನಿನ ‘ವೀಡರ್’ ಇಂದಿಗೂ ವಿರುದ್ಧವೇ. ಇಂಗ್ಲಿಷಿನಲ್ಲಿ ಅದು ಮೊಟಕಾಗಿ ವಿಥ್ ಆಯಿತು.

ಸಂಸ್ಕೃತ ಅದೇ ‘ವಿ’ಯಿಂದ ಇನ್ನೊಂದು ಪದ ಮಾಡಿಕೊಂಡಿತು: ‘ವಿನಾ’. ವಿನಾಕಾರಣ ಬೈದ ಅನ್ನುತ್ತೇವಲ್ಲ, ಆ ವಿನಾ. ವಿತೌಟ್ ಅಂತ ಅರ್ಥ! ಪಾಣಿನಿ ಈ ಪದವನ್ನು ಕಟ್ಟುವ ಸೂತ್ರದಲ್ಲಿ ಅದರ ಅರ್ಥವನ್ನು ಎರಡೇ ಮಾತಿನಲ್ಲಿ ಹೇಳುತ್ತಾನೆ: ‘ನ ಸಹ’. ಜೊತೆ ಅಲ್ಲ. ಒಂದೇ ಬೇರು. ಪೂರ್ವಕ್ಕೆ ಬಂದದ್ದು ‘ಜೊತೆ ಇಲ್ಲದೆ’ ಆಯಿತು. ಪಶ್ಚಿಮಕ್ಕೆ ಹೋದದ್ದು ‘ಜೊತೆ’ಯೇ ಆಗಿಹೋಯಿತು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಮನೆಯವಳನ್ನು ಕೂಗಿ ಹೇಳಿದೆ. "ಸರಿ, ಗ್ಯಾಸ್ ಬುಕ್ ಮಾಡಿದ್ರಾ?" ಅಂದಳು.

ಇನ್ನು ಹೋಟೆಲಿನ ಆ ಒಂದು ‘ವಿತೌಟ್’. ವಿತ್ ಅಂದರೆ ಜೊತೆ, ಔಟ್ ಅಂದರೆ ಹೊರಗೆ, ಎರಡೂ ಸೇರಿ ಹೇಗೆ ‘ಇಲ್ಲದೆ’ ಆಯಿತು ಅಂತ ಲೆಕ್ಕ ಹಾಕಿದರೆ ಕೂಡುವುದಿಲ್ಲ. ವಿಥ್ ಇಲ್ಲಿ ‘ಕಡೆಗೆ’ ಎಂಬ ಹಳೆಯ ಅರ್ಥದಲ್ಲಿದೆ. ಹೊರಕಡೆಗೆ, ಹೊರಗೆ. ವಿತಿನ್ ಅಂದರೆ ಒಳಗೆ, ವಿತೌಟ್ ಅಂದರೆ ಹೊರಗೆ, ಅಷ್ಟೇ. ಹೊರಗಿದ್ದದ್ದು ನಮ್ಮ ಹತ್ತಿರ ಇಲ್ಲದ್ದು ಎಂಬ ಅರ್ಥ ಆಮೇಲೆ ಬಂತು. 1848ರಲ್ಲಿ ಮಕ್ಕಳಿಗೆಂದು ಪ್ರಕಟವಾದ ಒಂದು ಇಂಗ್ಲಿಷ್ ಕ್ರೈಸ್ತ ಭಕ್ತಿಗೀತೆಯಲ್ಲಿ, ದೂರದ ಹಸಿರು ಗುಡ್ಡವೊಂದು ಪಟ್ಟಣದ ಗೋಡೆಯ ‘ವಿತೌಟ್’ ಇದೆ ಅಂತ ಬರುತ್ತದೆ. ಯೇಸುವನ್ನು ಶಿಲುಬೆಗೇರಿಸಿದ ಗುಡ್ಡ, ಜೆರುಸಲೇಮಿನ ಗೋಡೆಯಾಚೆ ಇದ್ದದ್ದು. ಈಗಿನ ಕಿವಿಗೆ ‘ಪಟ್ಟಣದ ಗೋಡೆ ಇಲ್ಲದ ಗುಡ್ಡ’ ಅಂತ ಕೇಳಿಸುತ್ತದೆ. ಗುಡ್ಡಕ್ಕೆ ಯಾಕಪ್ಪಾ ಪಟ್ಟಣದ ಗೋಡೆ? ಮುಂದೆ ಕೆಲವು ಮುದ್ರಣಗಳಲ್ಲಿ ಆ ಜಾಗಕ್ಕೆ ‘ಔಟ್‌ಸೈಡ್’ ಹಾಕಿಬಿಟ್ಟರು.

ನಮಗೆ ಇದು ಅರ್ಥವಾಗಲು ಕಷ್ಟವೇ ಇಲ್ಲ. ‘ನಿನ್ನ ಹೊರತು ನನಗೆ ಯಾರಿದ್ದಾರೆ’ ಅನ್ನುತ್ತೇವೆ. ಹೊರತು ಬಂದದ್ದು ಹೊರ ಎಂಬುದರಿಂದ. ಹೊರಗಿಟ್ಟು ಲೆಕ್ಕ ಹಾಕಿದರೆ ಅದೇ ಹೊರತು, ಅದೇ ವಿತೌಟ್. ಇಂಗ್ಲಿಷಿನ ‘ಬಟ್’ ಕೂಡ ಇದೇ ಜಾತಿ. ಹಳೆಯ ‘ಬೂಟನ್’, ಅಂದರೆ ಹೊರಗಡೆ. ‘ಆಲ್ ಬಟ್ ಒನ್’ ಅಂದರೆ ಒಬ್ಬನ ಹೊರತು ಎಲ್ಲರೂ. ಎರಡು ಬೇರೆ ಕುಟುಂಬದ ಭಾಷೆಗಳು, ಯಾರಿಂದ ಯಾರೂ ಕದ್ದಿಲ್ಲ. ಎರಡಕ್ಕೂ ಮನೆ ಇತ್ತು, ಮನೆಗೆ ಹೊರಗು ಇತ್ತು.

ಸೋತ ಮಿಡ್ ಎಲ್ಲಿ ಹೋಯಿತು? ಪೂರ್ತಿ ಸಾಯಲಿಲ್ಲ, ಹೆರಿಗೆ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿತು. ಮಿಡ್‌ವೈಫ್. ಮಿಡ್ ಅಂದರೆ ನಡು ಅಂದುಕೊಂಡು ನಾನೂ ಬಹಳ ದಿನ ಓಡಾಡಿದೆ. ಅಲ್ಲ. ಮಿಡ್ ಅಂದರೆ ಜೊತೆ, ವೈಫ್ ಅಂದರೆ ಆಗಿನ ಅರ್ಥದಲ್ಲಿ ಹೆಂಗಸು. ಹೆರುವವಳ ಜೊತೆಗಿರುವ ಹೆಂಗಸು. ನಮ್ಮ ಸೂಲಗಿತ್ತಿ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಂಗ್ಲಿಷ್ ಪತ್ರಿಕೆಗಳು ಮಿಡ್‌ವೈಫ್ ಅಂತಲೇ ಬರೆದವು. ಅಂದರೆ ಆ ಸತ್ತ ಪದ ಅವತ್ತು ನಮ್ಮ ಪಾವಗಡದವರೆಗೂ ಬಂದಿತ್ತು.

ಇದೇ ಕೆಲಸದವಳಿಗೆ ಲ್ಯಾಟಿನ್ನಿನಲ್ಲಿ ಏನನ್ನುತ್ತಿದ್ದರು ಗೊತ್ತೇ? ಆಬ್‌ಸ್ಟೆಟ್ರಿಕ್ಸ್. ಎದುರು ನಿಲ್ಲುವವಳು. ‘ಆಬ್’ ಅಂದರೆ ಎದುರು, ‘ಸ್ತಾರೆ’ ಅಂದರೆ ನಿಲ್ಲು. ಆಸ್ಪತ್ರೆಯಲ್ಲಿ ಹೆರಿಗೆಗೂ ಹೆಂಗಸರ ಕಾಯಿಲೆಗೂ ಇರುವ ಓಬಿಜಿ ವಾರ್ಡಿನ ‘ಓಬಿ’ ಇದೇ. ಒಬ್ಬಳೇ ಹೆಂಗಸು, ಹೆರುವವಳ ಮಂಡಿಯ ಮುಂದೆ ಕೂತು ಎರಡೂ ಕೈ ಚಾಚಿದ್ದಾಳೆ. ಇಂಗ್ಲಿಷಿನವನು ನೋಡಿ ಜೊತೆಗಿದ್ದಾಳೆ ಅಂದ, ರೋಮಿನವನು ನೋಡಿ ಎದುರಿಗಿದ್ದಾಳೆ ಅಂದ. ಇಬ್ಬರೂ ಸುಳ್ಳು ಹೇಳಲಿಲ್ಲ. ವಿಥ್ ಹೇಗೆ ವಿತ್ ಆಯಿತು ಅಂತ ಯಾರಾದರೂ ಕೇಳಿದರೆ ಡೇನರನ್ನೂ ಲ್ಯಾಟಿನ್ನನ್ನೂ ಬದಿಗಿಟ್ಟು ನಾನು ಈ ಚಿತ್ರವನ್ನೇ ತೋರಿಸುತ್ತೇನೆ.

ಆ ಲ್ಯಾಟಿನ್ ಕ್ರಿಯಾಪದ ಇನ್ನೊಂದು ದಾರಿಯಲ್ಲೂ ನಮ್ಮ ಪದವನ್ನು ಸೇರಿದೆ. ‘ನಾನ್ ಆಬ್‌ಸ್ಟಾಂಟೆ’, ಅಡ್ಡ ನಿಲ್ಲದೆ. ಇದನ್ನು ಇಂಗ್ಲಿಷಿನವರು ತುಂಡುತುಂಡಾಗಿ ಅನುವಾದಿಸಿ ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಮಾಡಿದರು. ನಮ್ಮ ಸಂವಿಧಾನದ 370ನೇ ವಿಧಿ ಈ ಪದದಿಂದಲೇ ಶುರುವಾಗುತ್ತಿತ್ತು. ಕೋರ್ಟುಗಳಲ್ಲಿ ವಕೀಲರು ದಿನಕ್ಕೆ ಹತ್ತು ಸಲ ಈ ನಾನ್ ಆಬ್‌ಸ್ಟಾಂಟೆ ಕಲಮು ಹಿಡಿದು ಜಗ್ಗಾಡುತ್ತಾರೆ. ಬೇರೆ ಯಾವ ಕಲಮು ಎದುರು ನಿಂತರೂ ಇದೇ ನಡೆಯತಕ್ಕದ್ದು ಅಂತ ಅರ್ಥ. ಅಲ್ಲಿರುವ ವಿತ್ ಆಲ್ಫ್ರೆಡ್ಡನ ಕಾಲದ ವಿಥ್, ಒಂದು ಕೂದಲೂ ಕೊಂಕಿಲ್ಲ.

ಮೇಷ್ಟ್ರುಗಳು ಕೂತಿದ್ದೀರಿ, ತರಗತಿಗೆ ಬೇಕಾದ್ದನ್ನೂ ಎರಡು ಮಾತು ಹೇಳಿಬಿಡುತ್ತೇನೆ. ‘ಹಿ ವಾಸ್ ಕಿಲ್ಡ್ ಡ್ಯಾಶ್ ಎ ರಾಬರ್ ಡ್ಯಾಶ್ ಎ ನೈಫ್.’ ಬೈ, ವಿತ್. ಈ ಕಳ್ಳ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಎಷ್ಟು ವರ್ಷದಿಂದ ಎಷ್ಟು ಜನರನ್ನು ಕೊಂದಿದ್ದಾನೋ ಲೆಕ್ಕವಿಲ್ಲ. ಮಕ್ಕಳು ಇಲ್ಲಿ ತಪ್ಪುವುದಕ್ಕೆ ಕಾರಣ ದಡ್ಡತನವಲ್ಲ. ಕಳ್ಳನಿಂದ, ಚಾಕುವಿನಿಂದ, ನಮ್ಮಲ್ಲಿ ಎರಡಕ್ಕೂ ‘ಇಂದ’ವೇ.

ಇಂಗ್ಲಿಷಿನ ಒಂದು ವಿತ್ ಮಾಡುವ ಕೆಲಸವನ್ನು ನಾವು ಹತ್ತು ಆಳಿಗೆ ಹಂಚಿದ್ದೇವೆ. ಗೆಳೆಯನ ಜೊತೆ ಬಂದೆ. ಧಾರವಾಡದ ಕಡೆ ಅವನ ಜೋಡಿ ಬಂದೆ, ಅವನ ಕೂಡ ಮಾತಾಡಿದೆ. ಪೆನ್ನಲ್ಲಿ ಬರೆ. ಚಳಿಗೆ ನಡುಗಿದ. ಉದ್ದ ಕೂದಲಿನ ಹುಡುಗಿ. ಕೊಡೆ ಹಿಡಿದವನು. ಕಿಟಕಿ ತೆಗೆದಿಟ್ಟುಕೊಂಡು ಮಲಗಿದ. ಪುಸ್ತಕ ನನ್ನ ಹತ್ತಿರ ಇದೆ. ನನ್ನ ಮೇಲೆ ಸಿಟ್ಟು. ಇಂಗ್ಲಿಷಿನಲ್ಲಿ ಇಷ್ಟಕ್ಕೂ ವಿತ್. ಹಾಗಾಗಿ ನಮ್ಮ ಹುಡುಗ ‘ಆ್ಯಂಗ್ರಿ ಆನ್ ಮಿ’ ಅಂದರೆ ಅವನ ಕನ್ನಡ ಸರಿಯಾಗಿದೆ ಅಂತ ತಿಳಿಯಿರಿ. ‘ಮ್ಯಾರೀಡ್ ವಿತ್’ ಅಂದರೂ ಅಷ್ಟೇ. ಅವಳ ಜೊತೆ ಮದುವೆ ಆದವನು ಇನ್ನೇನಂತಾನೆ? ಪಕ್ಕದ ತೆಲುಗಿನವರಿಗೆ ಇಲ್ಲಿ ಸ್ವಲ್ಪ ಅನುಕೂಲ. ಅವರ ‘ತೋ’ ರಾಮನ ಜೊತೆಗೂ ಕತ್ತಿಗೂ ಎರಡಕ್ಕೂ ಬರುತ್ತದೆ. ತಿದ್ದಿ, ತಿದ್ದಬೇಡಿ ಅನ್ನುವುದಿಲ್ಲ. ತಿದ್ದುವಾಗ ನಾನು ಮಾಡಿದಂತೆ ‘ಬಾಯಿಪಾಠ ಮಾಡ್ಕೋ’ ಅಂದು ಕೂರಿಸಬೇಡಿ, ಅಷ್ಟೇ.

ಇಷ್ಟು ಹೇಳಿ ಕೂತೆ. ಪ್ರಶ್ನೆಗಳಿಗೆ ಹೊತ್ತಿತ್ತು.

ಸಂಸ್ಕೃತ ಮೇಷ್ಟ್ರೊಬ್ಬರು, "ವಿತ್ ಎಂಬುದು ವಿದ್ ಧಾತುವಿನಿಂದ ಬಂದಿರಬಹುದಲ್ಲವೇ, ವಿದ್ಯೆ, ವೇದ ಇದ್ದಂತೆ?" ಅಂತ ಕೇಳಿದರು. ಇಲ್ಲ ಅಂದೆ. ಕಿವಿಗೆ ಹತ್ತಿರ, ನೆಂಟಸ್ತನ ಇಲ್ಲ. ವಿದ್ ಧಾತುವಿಗೆ ಇಂಗ್ಲಿಷಿನಲ್ಲಿ ನಿಜವಾದ ನೆಂಟರು ಬೇರೆ ಇದ್ದಾರೆ: ಬುದ್ಧಿ ಎಂಬರ್ಥದ ‘ವಿಟ್’, ಜಾಣ ಎಂಬರ್ಥದ ‘ವೈಸ್’. ಅವರಿಗೆ ಸ್ವಲ್ಪ ನಿರಾಸೆಯಾದರೂ ವೈಸ್ ಸಿಕ್ಕಿತ್ತು, ಬರೆದುಕೊಂಡರು.

ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ತಾಯಿಯೊಬ್ಬರು ಎದ್ದರು. ಮಗಳ ಜೊತೆ ಸುಮ್ಮನೆ ಬಂದವರಂತೆ, ಇಂಗ್ಲಿಷ್ ಬರುವುದಿಲ್ಲ ಅಂತ ಮೊದಲೇ ಹೇಳಿದರು. "ಅಲ್ಲ ಮೇಷ್ಟ್ರೇ, ನಮ್ಮ ಎದುರು ಇನ್ನೂ ಬಾಗಿಲಲ್ಲೇ ನಿಂತಿದೆ ಅಂದ್ರಿ. ಮದುವೇಲಿ ಗಂಡಿನ ದಿಬ್ಬಣ ಬಂದಾಗ ಕಳಶ ಹಿಡ್ಕೊಂಡು ಹೋಗಿ ನಾವೇನು ಮಾಡ್ತೀವಿ?"

ಸಭೆಯಲ್ಲಿ ಇಬ್ಬರು ಮೂವರು ಒಟ್ಟಿಗೇ ಹೇಳಿದರು: "ಎದುರುಗೊಳ್ತೀವಿ."

"ಹಾಂ. ಎದುರುಗೊಂಡು ಒಳಗೆ ಕರ್ಕೊಂಡು ಬರ್ತೀವಿ" ಅಂದು ಅವರು ಕೂತರು. ನನ್ನ ಚೀಟಿಗಳಲ್ಲಿ ಎಲ್ಲೂ ಆ ಪದ ಇರಲಿಲ್ಲ. ಪಕ್ಕದವರ ಪೆನ್ನು ಇಸಿದುಕೊಂಡು ಬರೆದುಕೊಂಡೆ.